ಅತ್ತೆಯ ಪರವಾಗಿ ಹೇಳುವವಳು

ಕೊಡಿಗೇನಹಳ್ಳಿ ಬಸ್ ನಿಲ್ದಾಣದಲ್ಲಿ, ಕುರಿ ಸಾಕುವ ಮನೆಯ ವೃದ್ಧೆ ಕೊಲ್ಲಾಪುರಮ್ಮ ಪಕ್ಕದಲ್ಲಿ ಕೂತ ಸೊಸೆ ಯಶೋದಳಿಗೆ ಹೇಳುತ್ತಿದ್ದರು:

“ನನ್ಗೆ ಮಾತು ನಿಂತೋದ್ರೆ ಡಾಕ್ಟ್ರಿಗೆ ನೀನೇ ಹೇಳ್ಬೇಕು. ಉಸಿರಾಡ್ಸೋ ಮಿಷನ್ ಬ್ಯಾಡ, ಮನೆಗೆ ಕಳ್ಸಿ ಅಂತ.”

“ನಿಮ್ಮ ಮಗ ಇಲ್ವಾ ಅತ್ತೆಮ್ಮ?”

“ಅವ್ನು ಹಲ್ಲುದುರಿದ ಮುದಿ ಕುರೀನೇ ಹೆಗಲ ಮ್ಯಾಲೆ ಹೊತ್ಕೊಂಡು ದನದಾಸ್ಪತ್ರೆ ಸುತ್ತಿದೋನು. ನನ್ನ ಸುಮ್ನೆ ಬುಡ್ತಾನಾ?”

“ಸೊಸೇನೇ ಅತ್ತೇನ ಸಾಯಿಸಿದ್ಲು ಅಂತಾರೆ ಊರೋರು.”

“ಅದಕ್ಕೇ ಕಣಮ್ಮ, ಇವತ್ತು ಮಧುಗಿರೀಲಿ ಡಾಕ್ಟ್ರ ಮುಂದೆ ನಾನೇ ಹೇಳಿ ಬರ್ತೀನಿ. ನೋವಿಗೆ ಮಾತ್ರ ಸೂಜಿ ಹಾಕ್ಸು. ಕೊನೇಲಿ ಒಂದು ಲೋಟ ಕಾಫಿ ಕೊಡು.”

“ನಿಮ್ಗೆ ಸಕ್ಕರೆ ಕಾಯಿಲೆ ಐತೆ.”

“ಅವತ್ತೂ ಸಪ್ಪೆ ಕಾಫೀನೇ ಕೊಡ್ತೀಯೇನೇ?”

ಬಸ್ ಬಂತು. ಯಶೋದ ಅತ್ತೆಯ ಕೈ ಹಿಡಿದಳು.

“ಡಾಕ್ಟ್ರಿಗೂ ಹೇಳ್ತೀನಿ, ಸಕ್ಕರೇನೂ ಹಾಕ್ತೀನಿ. ಮೊದ್ಲು ಬಸ್ ಹತ್ತಿ.”