ಹಾಕದೇ ಹಾಕಿದ ಪಂಪು

ಊರಿನವರೆಲ್ಲ ಕ್ಲಚ್ಚಕ್ಕ ಎಂದು ಕರೆಯುವ ನಾನು, ವಯಸ್ಸು 54 ವರ್ಷ, ಉದ್ಯೋಗ ಕಾರು ಓಡಿಸುವುದನ್ನು ಕಲಿಸುವುದು, ವಾಸ ಬಸ್ ಡಿಪೋ ಹಿಂದಿನ ಎರಡನೇ ಅಡ್ಡರಸ್ತೆ, ಹೊಲಿಗೆ ಅಂಗಡಿಯ ಮೇಲಿನ ಮನೆ, ಠಾಣೆಗೆ ಖುದ್ದಾಗಿ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ಇಪ್ಪತ್ತೊಂದು ವರ್ಷಗಳಿಂದ ನಾನು ಈ ಕೆಲಸ ಮಾಡುತ್ತಿದ್ದೇನೆ. ಈ ತಿಂಗಳ 3ನೇ ತಾರೀಕು ಬೆಳಿಗ್ಗೆ 10:15ಕ್ಕೆ ನನ್ನ ಕಾರನ್ನು ಪೆಟ್ರೋಲ್ ಬಂಕ್ ಎದುರಿನ ಗ್ಯಾರೇಜಿನಲ್ಲಿ ಬಿಟ್ಟೆ. ಏರು ಹತ್ತುವಾಗ ಎಂಜಿನ್ ಉಸಿರು ಕಟ್ಟಿದಂತೆ ಮುಗ್ಗರಿಸುತ್ತಿತ್ತು. ಗ್ಯಾರೇಜ್ ಮಾಲೀಕ ಒಂದು ಸುತ್ತು ಓಡಿಸಿ ನೋಡಿ, ಟ್ಯಾಂಕಿನಿಂದ ಎಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪು ಸೋತಿದೆ, ಪಂಪು, ಫಿಲ್ಟರ್ ಎರಡನ್ನೂ ಬದಲಾಯಿಸಬೇಕು ಎಂದ. ಅವನನ್ನು ಏಕವಚನದಲ್ಲಿ ಹೇಳುತ್ತಿರುವುದು ಅವನು ನನ್ನ ಹತ್ತಿರ ಕಾರು ಕಲಿತವನು ಎಂಬ ಕಾರಣಕ್ಕೆ. ಕೋಪಕ್ಕೂ ಹೌದು.

5ನೇ ತಾರೀಕು ಸಂಜೆ 4:30ಕ್ಕೆ ಕಾರು ವಾಪಸು ಕೊಟ್ಟ. ಎರಡೂ ಹೊಸದು, ಪೆಟ್ರೋಲಿನ ಒತ್ತಡ ಅಳೆದು ನೋಡಿದ್ದೇನೆ ಎಂದು ಬಿಲ್ಲಿನಲ್ಲಿ ಬರೆದು ಸಹಿ ಹಾಕಿದ. ಹಳೆಯ ಪಂಪು ಎಲ್ಲಿ ಎಂದು ಕೇಳಿದ್ದಕ್ಕೆ ಗುಜರಿಗೆ ಹೋಯಿತು ಎಂದ.

7ನೇ ತಾರೀಕು ನೀರಿನ ಟ್ಯಾಂಕ್ ಬಳಿಯ ಏರಿನಲ್ಲಿ ಕಾರು ಮತ್ತೆ ಮುಗ್ಗರಿಸಿತು. ಅದೇ ದಿನ 11:40ಕ್ಕೆ ಗ್ಯಾರೇಜಿಗೆ ಹೋದೆ. ಅವನು ಬಾನೆಟ್ ಕೂಡ ಎತ್ತಲಿಲ್ಲ. "ಅಕ್ಕಾ, ತೊಂದರೆ ಕಾರಲ್ಲಿಲ್ಲ, ಕಾಲಲ್ಲಿದೆ. ವಯಸ್ಸಾಯ್ತಲ್ಲ, ಕ್ಲಚ್ ಬಿಡೋದು ಹೆಚ್ಚುಕಮ್ಮಿ ಆಗ್ತಿದೆ" ಎಂದ. ಅಲ್ಲಿದ್ದ ನಾಲ್ಕು ಜನ ನಕ್ಕರು. ಕಲಿಯುವಾಗ ನನ್ನ ಮನೆ ಗೇಟಿನ ಕಂಬವನ್ನು ಎರಡು ಸಲ ಉರುಳಿಸಿದವನು ಇವನೇ. ಗುರುವಿಗೇ ತಿರುಮಂತ್ರ. ನಾನು ಕಾರು ತೆಗೆದುಕೊಂಡು ಹಾಗೇ ಬಂದೆ. ಅದು ನನ್ನ ತಪ್ಪು.

9ನೇ ತಾರೀಕು ಬೆಳಿಗ್ಗೆ 7:20ಕ್ಕೆ ನನ್ನ ವಾರಗಿತ್ತಿ ಕಾರು ಓಡಿಸುತ್ತಿದ್ದಳು. ಅವಳಿಗೆ 49 ವರ್ಷ, ಕೆಳಗಿನ ಹೊಲಿಗೆ ಅಂಗಡಿ ಅವಳದೇ. ಹೊಲಿದ ಬಟ್ಟೆಯನ್ನು ಯಾರ ಕೈಕಾಲೂ ಹಿಡಿಯದೆ ತಾನೇ ಒಯ್ದು ಕೊಡಬೇಕೆಂಬ ಆಸೆಗೆ ಕಲಿಯುತ್ತಿದ್ದಳು. ಅಂದು ಹತ್ತೊಂಬತ್ತನೇ ಪಾಠ. ಮೇಲ್ಸೇತುವೆಯ ಏರಿನಲ್ಲಿ ಮೂರನೇ ಗೇರಿನಲ್ಲಿ, ಮೂವತ್ತೈದರ ವೇಗದಲ್ಲಿ, ನಾನು ಕಲಿಸಿದ ಹಾಗೇ ಹೋಗುತ್ತಿದ್ದಳು. ಎಂಜಿನ್ ಒಮ್ಮೆಲೇ ನಿಂತಿತು. ನನ್ನ ಕಡೆಯ ಬ್ರೇಕನ್ನು ನಾನು ಒತ್ತಿದೆ. ನಾಲ್ಕೂ ದೀಪ ಮಿನುಗಿಸಿದೆ. ಅವಳು ಎರಡು ಸಲ ಕೀಲಿ ತಿರುಗಿಸಿದಳು. ಹಿಂದಿನ ಲಾರಿ ಸುಮಾರು ಮೂವತ್ತು ಮೀಟರ್ ದೂರದಲ್ಲಿತ್ತು. ಚಾಲಕರು ಬ್ರೇಕ್ ಹಾಕಿದರೂ ಅದು ನಮ್ಮ ಎಡ ಹಿಂಬದಿಗೆ ಬಡಿಯಿತು. ಅವರ ಮೇಲೆ ನನ್ನ ದೂರಿಲ್ಲ; ಇಳಿದು ಓಡಿ ಬಂದು ಆಂಬುಲೆನ್ಸಿಗೆ ಫೋನ್ ಮಾಡಿದವರು ಅವರೇ.

ಸ್ಟೀರಿಂಗಿಗೆ ಬಡಿದು ವಾರಗಿತ್ತಿಯ ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಕತ್ತರಿ ಹಿಡಿಯುವ ಕೈ. ಅವಳು ಅಳಲಿಲ್ಲ. ಆಂಬುಲೆನ್ಸಿನಲ್ಲಿ, "ಅಕ್ಕಾ, ನಾನೇನು ತಪ್ಪು ಮಾಡ್ದೆ?" ಎಂದು ಮೂರು ಸಲ ಕೇಳಿದಳು.

ನಾವು ಆಸ್ಪತ್ರೆಯಲ್ಲಿದ್ದಾಗ ಕಾರನ್ನು ಎಳೆದೊಯ್ಯಲು ಬಂದ ಗ್ಯಾರೇಜ್ ಮಾಲೀಕ, ಪಂಪು ಹೊಸದು, ಹೆಂಗಸರು ಗಾಬರಿಯಾಗಿ ಕಾರು ಬಂದ್ ಮಾಡಿಕೊಂಡಿದ್ದಾರೆ ಎಂದು ಸಂಚಾರ ಪೊಲೀಸರಿಗೆ ಹೇಳಿದ. ಅವರು ಹಾಗೆಯೇ ಬರೆದುಕೊಂಡರು. ಅಂದಿನಿಂದ ವಾರಗಿತ್ತಿ ಅಂಗಡಿಯ ಬಾಗಿಲು ತೆಗೆದಿಲ್ಲ. ತನ್ನಿಂದ ನನ್ನ ಕಾರು ಹಾಳಾಯಿತೆಂದು ನನ್ನ ಮುಖ ನೋಡುವುದನ್ನೂ ಬಿಟ್ಟಿದ್ದಾಳೆ.

ಇಂದು 11ನೇ ತಾರೀಕು ಬೆಳಿಗ್ಗೆ 11:10ಕ್ಕೆ, ಬಸ್ ಡಿಪೋದಿಂದ ನಿವೃತ್ತರಾದ, ಎಲ್ಲರೂ ತಾತ ಎನ್ನುವ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಗ್ಯಾರೇಜಿಗೆ ಹೋದೆ. ಅವರಿಗೆ 71 ವರ್ಷ. ಅವರು ಎಂಜಿನ್‌ಗೆ ಪೆಟ್ರೋಲ್ ಹೋಗುವ ಕೊಳವೆಗೆ ತಮ್ಮ ಗೇಜು ಜೋಡಿಸಿ ಕಾರು ಚಾಲು ಮಾಡಿದರು. ಮುಳ್ಳು ಐವತ್ತರ ಹತ್ತಿರ ನಿಲ್ಲಬೇಕಿತ್ತು. ಇಪ್ಪತ್ತೆರಡಕ್ಕೆ ನಿಂತಿತು. ಬಂದ್ ಮಾಡಿದ ಮೇಲೂ ಐದು ನಿಮಿಷ ಒತ್ತಡ ಉಳಿಯಬೇಕು ಎಂದರು. ನಲವತ್ತು ಸೆಕೆಂಡಿನಲ್ಲಿ ಸೊನ್ನೆಯಾಯಿತು. ಗಡಿಯಾರ ಹಿಡಿದಿದ್ದವಳು ನಾನೇ.

ಲಾರಿ ಗುದ್ದಿದ್ದಕ್ಕೆ ಪಂಪು ಕೆಟ್ಟಿದೆ ಎಂದ ಮಾಲೀಕ. ತಾತ ಹಿಂದಿನ ಸೀಟು ಎತ್ತಿದರು. ಪಂಪು ಇರುವುದು ಅದರ ಕೆಳಗೆ. ಮುಚ್ಚಳದ ಮೇಲೆ ಕಂಬಳಿ ಹೊದಿಸಿದಂತೆ ಧೂಳು. ಹೋದ ಬೇಸಿಗೆಯಲ್ಲಿ ಯಾರದೋ ಮಗು ಬೀಳಿಸಿದ ಕೆಂಪು ಕ್ರೇಯಾನ್ ಕರಗಿ, ಎರಡು ಸ್ಕ್ರೂಗಳ ತಲೆ ಮುಚ್ಚಿ ಗಟ್ಟಿಯಾಗಿತ್ತು. ಅಲ್ಲಿಗೆ ಸ್ಕ್ರೂಡ್ರೈವರ್ ಹೋಗಿಯೇ ಇರಲಿಲ್ಲ. ತಾತ ನನ್ನ ಕೈಯಲ್ಲಿ ಅದರ ಫೋಟೋ ತೆಗೆಸಿ, ಆಮೇಲೆ ಬಣ್ಣ ಕೆರೆದು ಪಂಪು ಹೊರತೆಗೆದರು. ಅದರ ತಳದ ಜಾಲರಿಯಲ್ಲಿ ಕರಿ ಕೆಸರು. "ಇದು ಹೊಸದಾದ್ರೆ ನಾನು ಮದುಮಗ ಕಣಯ್ಯಾ" ಎಂದರು.

"ಯಾಕೋ ಹೀಗೆ ಮಾಡ್ದೆ?" ಎಂದು ನಾನು ಕೇಳಿದೆ. ಅವನು ತಲೆ ಕೆರೆದುಕೊಂಡು, "ಕೆಲಸ ಜಾಸ್ತಿ ಇತ್ತು. ಆಮೇಲೆ ಹಾಕಿದ್ರಾಯ್ತು ಅಂದ್ಕೊಂಡೆ. ಬಿಡಿ ಅಕ್ಕಾ, ಕೈ ತಾನೇ, ಜೀವವೇನೂ ಹೋಗಿಲ್ವಲ್ಲ" ಎಂದ.

ಆಗ ಸಮಯ 11:50. ನಾನು ಅವನ ಕೆನ್ನೆಗೆ ಒಂದು ಏಟು ಹೊಡೆದೆ. ಒಂದೇ ಏಟು. ಯಾರೂ ನಗಲಿಲ್ಲ. ನಂತರ ಪಂಪನ್ನು ಮುಚ್ಚಳವಿರುವ ಬಕೆಟ್ಟಿನಲ್ಲಿಟ್ಟು, ಒಂದೂಕಾಲು ಕಿಲೋಮೀಟರ್ ನಡೆದು ಠಾಣೆಗೆ ಬಂದೆ. ಅದನ್ನು ಬಿಲ್ಲಿನ ಜೊತೆ ಹಾಜರುಪಡಿಸಿದ್ದೇನೆ.

ಏಟಿನ ವಿಷಯ ಬಿಟ್ಟುಬಿಡೋಣವೇ, ಅವನು ಪ್ರತಿದೂರು ಕೊಟ್ಟರೆ ಕಷ್ಟ ಎಂದು ಬರೆದುಕೊಳ್ಳುತ್ತಿದ್ದವರು ಕೇಳಿದರು. ಬೇಡ, ಬರೆಯಿರಿ ಎಂದೆ. ಒಂದು ಸುಳ್ಳು ಬರವಣಿಗೆಯಿಂದ ಆಗಿರುವುದು ಸಾಕು. ಹೇಳಿಕೆಯನ್ನು ಓದಿ ಹೇಳುವಾಗ, ಎಂಜಿನ್ ನಿಂತ ಜಾಗದಲ್ಲಿ "ಗಾಬರಿಗೊಂಡು" ಎಂಬ ಪದ ಬಂದಿತ್ತು. ನಾನು ಹೇಳದ ಪದ ಅದು. ನನ್ನೆದುರೇ ಹೊಡೆದುಹಾಕಿಸಿದ್ದೇನೆ. ಸಂಚಾರ ಪೊಲೀಸರ ದಾಖಲೆಯಲ್ಲೂ ಅದನ್ನು ತೆಗೆಸಬೇಕು, ಗ್ಯಾರೇಜ್ ಮಾಲೀಕನ ಮೇಲೆ ಕ್ರಮ ಜರುಗಿಸಬೇಕು ಎಂದು ಕೋರುತ್ತೇನೆ.

ಇದರಲ್ಲಿರುವುದೆಲ್ಲ ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು, ಕೈಯಾರೆ ಮಾಡಿದ್ದು. ಆಸ್ಪತ್ರೆಯಲ್ಲಿದ್ದಾಗ ನಡೆದದ್ದನ್ನು ಮಾತ್ರ ಲಾರಿ ಚಾಲಕರಿಂದ ಕೇಳಿ ತಿಳಿದಿದ್ದೇನೆ. ಇದರ ಒಂದು ಪ್ರತಿಯನ್ನು ಇಂದೇ ಕೊಡಿಸಬೇಕು. ಮನೆಗೆ ಹೋಗಿ ವಾರಗಿತ್ತಿಯನ್ನು ಎದುರಿಗೆ ಕೂರಿಸಿಕೊಂಡು, ಗಟ್ಟಿಯಾಗಿ ಓದಿ ಹೇಳುವುದಿದೆ.

ಸ್ಥಳ: ಠಾಣೆಯ ಮುಂಗೋಣೆ
ದಿನಾಂಕ: ಈ ತಿಂಗಳ 11, ಮಧ್ಯಾಹ್ನ 2:05
ಸಹಿ: (ಹೇಳಿಕೆ ಕೊಟ್ಟವರದು)