ತಾರಸಿಯ ಹತ್ತಿ ಗಿಡಕ್ಕೆ ಔಷಧಿ ಹೊಡೆದ ಬಗ್ಗೆ

ರಾಗಿಣಿ, ತಂದೆ ದಿವಂಗತ ಚನ್ನಕೇಶವ, ವಯಸ್ಸು 43 ವರ್ಷ, ಖಾಸಗಿ ಶಾಲೆಯಲ್ಲಿ ಶಿಕ್ಷಕಿ, ವಾಸ: ಎರಡನೇ ಮಹಡಿ, ಅತ್ತಿಗುಪ್ಪೆ, ಬೆಂಗಳೂರು. ಆಸ್ಪತ್ರೆಗೆ ಬಂದ ಪೊಲೀಸರು ವಿಚಾರಿಸಿದ್ದರಿಂದ ಈ ಮೂಲಕ ತಿಳಿಸುವುದೇನೆಂದರೆ,

ನಾನು ಮೇಲ್ಕಂಡ ವಿಳಾಸದಲ್ಲಿ ಒಬ್ಬಳೇ ವಾಸವಾಗಿರುತ್ತೇನೆ. ತಾರಸಿ ಮೇಲಿನ ರೂಮಿನಲ್ಲಿ ಹಾವೇರಿ ಕಡೆಯ ದಾನಮ್ಮ ಎಂಬುವವರು, ಸುಮಾರು 55 ವರ್ಷ, ಬಾಡಿಗೆಗೆ ಇದ್ದು, ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುವ ಕೆಲಸ ಮಾಡಿಕೊಂಡಿರುತ್ತಾರೆ. ಅವರನ್ನು ನೋಡಲು ಯಾರೂ ಬಂದಿದ್ದು ನಾನು ಕಂಡಿಲ್ಲ. ನನ್ನ ಮನೆಗೂ ಬರುವವರು ಕಡಿಮೆ.

ದಾನಮ್ಮನವರು ಊರಿನಿಂದ ಬೀಜ ತಂದು ಪೇಂಟ್ ಡಬ್ಬಗಳಲ್ಲಿ ಹತ್ತಿ ಗಿಡ ಬೆಳೆಸಿದ್ದರು. ನಾನು ಬಟ್ಟೆ ಒಣಹಾಕಲು ಹೋದಾಗ ಅಲ್ಲಿಯೇ ಮಾತುಕತೆ. ದಸರಾ ಕಳೆದ ಮೇಲೆ ಕಾಯಿಗಳಿಗೆ ಹುಳ ಬಿತ್ತು. ಒಂದು ಕಾಯಿ ಸೀಳಿ, ಒಳಗಿದ್ದ ಗುಲಾಬಿ ಬಣ್ಣದ ಹುಳ ತೋರಿಸಿ, "ಊರಿಂದ ನನ್ನ ಜೋಡಿ ಬಂದಿದ್ದು ಇದೊಂದ ನೋಡ್ರಿ ಟೀಚರ್" ಎಂದು ನಕ್ಕರು. ಹುಳುಕು ಕಾಯಿಗಳನ್ನು ಇಬ್ಬರೂ ಕೂತು ಕಿತ್ತು ಸುಟ್ಟೆವು. ಬೇವಿನೆಣ್ಣೆ ಹೊಡೆದೆವು. ಸಂಜೆಗಳು ಹೀಗೆ ಕಳೆಯುತ್ತಿದ್ದವು. ಹುಳ ಮಾತ್ರ ಹೋಗಲಿಲ್ಲ.

ನಿನ್ನೆ ಭಾನುವಾರ ಬೆಳಿಗ್ಗೆ ಅವರು ಅಂಗಡಿಯಿಂದ ತಂದ ಕೀಟನಾಶಕದ ಬಾಟಲಿ ತೋರಿಸಿದರು. ಗಾಳಿ ಜೋರಾಗಿದೆ, ಸಂಜೆ ಹೊಡೆಯೋಣ ಎಂದು ನಾನು ಹೇಳಿದೆನು. ಸಂಜೆ ಕೆಲಸವಿದೆ, ಊಟವಾದ ಕೂಡಲೇ ತಾನೇ ಹೊಡೆಯುವುದಾಗಿ ತಿಳಿಸಿದರು.

ಮಧ್ಯಾಹ್ನ ಸುಮಾರು 3-30 ಗಂಟೆಗೆ ನಾನು ತಾರಸಿಗೆ ಹೋದಾಗ ದಾನಮ್ಮನವರು ಡಬ್ಬಗಳ ಪಕ್ಕ ಬಿದ್ದಿದ್ದು, ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು. ಸೀರೆ ತೋಯ್ದು ಘಾಟು ಹೊಡೆಯುತ್ತಿತ್ತು. ಗಿಡದ ಎಲೆಗಳೆಲ್ಲ ಒದ್ದೆಯಾಗಿದ್ದವು. ಆಟೋದಲ್ಲಿ ಕರೆತಂದು ಈ ಆಸ್ಪತ್ರೆಗೆ ಸೇರಿಸಿದೆನು.

ಒಂಟಿ ಹೆಂಗಸು, ಬೇಜಾರಿಗೆ ಔಷಧಿ ಕುಡಿದಿರಬಹುದಲ್ವಾ ಮೇಡಂ ಎಂದು ತಾವು ಕೇಳಿದ್ದೀರಿ. ಬೇಜಾರು ಇತ್ತು. ನನಗೂ ಇದೆ. ಆದರೆ ಅವರು ಕುಡಿದಿಲ್ಲ. ಹೊಡೆದ ಔಷಧಿ ಗಾಳಿಗೆ ತಿರುಗಿ ಅವರ ಮೈಮೇಲೆಯೇ ಬಿದ್ದಿದೆ.

ಇಂದು ಬೆಳಿಗ್ಗೆ ಎಚ್ಚರವಾದಾಗ ಅವರು ಮೊದಲು ಕೇಳಿದ್ದು, "ಹುಳ ಸತ್ತಾವೇನ್ರಿ?" ಎಂದು. ನಾನಿನ್ನೂ ನೋಡಿಲ್ಲ ಎಂದೆನು. "ಹೋಗಿ ನೋಡ್ರಿ. ಗಿಡಕ್ಕ ಕೈ ಹಚ್ಚಬ್ಯಾಡ್ರಿ ಮತ್ತ" ಎಂದರು. ಸಾಯಲು ಹೊರಟವರು ಹೀಗೆ ಕೇಳುವುದಿಲ್ಲ.

ಸೇರಿಸುವಾಗ ರೋಗಿಗೆ ನೀವು ಏನಾಗಬೇಕು ಎಂದು ಆಸ್ಪತ್ರೆಯವರು ಕೇಳಿದ್ದಕ್ಕೆ, ತಂಗಿ ಎಂದು ಬರೆಸಿರುತ್ತೇನೆ. ಅದು ನಿಜವಲ್ಲ. ದಯವಿಟ್ಟು ಅದನ್ನು ತಿದ್ದಿಸಬಾರದಾಗಿ ಕೋರುತ್ತೇನೆ.

ಮಿಕ್ಕಿದ್ದೆಲ್ಲ ನಾನು ಕಂಡು ಕೇಳಿದಂತೆಯೇ ಹೇಳಿದ್ದು, ಓದಿಸಿ ಕೇಳಿ, ಸತ್ಯವೆಂದು ಒಪ್ಪಿ ಸಹಿ ಮಾಡಿರುತ್ತೇನೆ.

ಸ್ಥಳ: ಬೆಂಗಳೂರು
ದಿನಾಂಕ: 25-11-2024
(ಸಹಿ) ರಾಗಿಣಿ