ನೇಪಾಳದಲ್ಲಿ ಹತ್ತಿದವರು

ಸಂಜೆ ಹಿಡಿದ ಮಳೆ ಬಿಡುವ ಹಾಗೆ ಕಾಣಲಿಲ್ಲ. ಮೊಳಕಾಲ್ಮೂರಿನ ಬಸ್ಸು ಹಳ್ಳದ ನೀರಿಗೆ ಹೆದರಿ ಚಳ್ಳಕೆರೆಯಲ್ಲೇ ನಿಂತಿದೆಯೆಂದು ಸುದ್ದಿ ಬಂತು. ತಳಕಿನ ಮುದ್ದಕ್ಕನ ಟೀ ಅಂಗಡಿಯಲ್ಲಿ ಸಿಕ್ಕಿಬಿದ್ದ ನಮಗೆಲ್ಲ ಇನ್ನು ದೊಡ್ಡಪಾಲಯ್ಯನವರ ಹಳೆಯ ಟ್ರ್ಯಾಕ್ಸ್ ಜೀಪೇ ಗತಿ. ಆ ದಾರಿಯಲ್ಲಿ ಅವರ ಗಾಡಿ ಹತ್ತದವರಿಲ್ಲ. ವಯಸ್ಸು ಎಪ್ಪತ್ತರ ಹತ್ತಿರ ಬಂದರೂ ಅವರು ಸ್ಟೇರಿಂಗ್ ಬಿಟ್ಟಿರಲಿಲ್ಲ. ಕರೆಂಟು ಹೋಯಿತು, ಮುದ್ದಕ್ಕ ಬುಡ್ಡಿ ಹಚ್ಚಿದರು. ಯಾರೋ ಕೇಳಿದರು, "ಈ ಮಳ್ಯಾಗೆ ಗಾಡಿ ಹೊಡೀತೀರಾ ತಾತ? ಭಯ ಆಗಲ್ವಾ?" ಮುದುಕರು ಬೀಡಿ ಹಚ್ಚಿಕೊಂಡು ನಕ್ಕರು.

"ಭಯಾನಾ? ಲೇ, ನಾನು ಫಾರಿನ್‌ನಾಗೆ ಗಾಡಿ ಹೊಡೆದೋನು ಕಣ್ರಲೇ! ನಗಬ್ಯಾಡ್ರಿ. ನೇಪಾಳ ಫಾರಿನ್ ಅಲ್ದೆ ಇನ್ನೇನು? ಬಾರ್ಡರ್‌ನಾಗೆ ಇದೇ ಗಾಡಿಗೆ ಪರ್ಮಿಟ್ ಮಾಡಿಸ್ಕಂಡು ಹೋಗಿದ್ದೆ. ಚಳ್ಳಕೆರೆ ಎಣ್ಣೆ ಮಿಲ್ಲಿನ ಕೊಟ್ಟೂರಪ್ಪನೋರು ಮನೆಮಂದಿನೆಲ್ಲ ಕಾಶಿಗೆ ಕರ್ಕಂಡು ಹೊಂಟೋರು, ಅಲ್ಲಿಗೆ ಹೋದಮ್ಯಾಲೆ ಪಶುಪತಿನಾಥನ್ನೂ ನೋಡೇಬಿಡಾನ ಅಂದ್ರು. ತೊಂಬತ್ತೊಂಬತ್ತನೇ ಇಸವಿ, ಇಂಥದೇ ಮಳೆಗಾಲ. ನಮ್ಮ ಈ ರೋಡು ನೋಡ್ರಿ, ಹಗ್ಗ ಎಳೆದಂಗೆ ನೆಟ್ಟಗೈತೆ. ಇಲ್ಲಿ ಗಾಡಿ ಕಲಿತೋನಿಗೆ ತಿರುವು ಅಂದ್ರೇನು ಗೊತ್ತಿರ್ತೈತೆ? ಅಲ್ಲಿ ಒಂದ್ ಕಡೆ ಬೆಟ್ಟ, ಒಂದ್ ಕಡೆ ಪಾತಾಳ, ಪಾತಾಳದಾಗೆ ಹೊಳೆ... ಎದುರಿಗೆ ಬರೋ ಲಾರಿಯೋರು ಬೈದ್ರೂ ನಂಗೆ ಅರ್ಥ ಆಗ್ತಿರ್ಲಿಲ್ಲ, ಅದೊಂದು ಪುಣ್ಯ.

ಒಂದ್ ಬೆಳಗ್ಗೆ ಟೀ ಕುಡಿದು ಹೊಂಟ್ವಿ. ಮಂಜು ಅಂದ್ರೆ ಮಂಜು, ಬಾನೆಟ್ಟೇ ಕಾಣದು. ಹೆಂಗಸ್ರೆಲ್ಲ ಹೆದರಿ ಮುಖ ಬಾಡಿಸ್ಕಂಡು ಕೂತಿದ್ರು. ಅವ್ರನ್ನ ನಗಸಾನ ಅಂತ ಗಾಡಿ ಸ್ಟಾರ್ಟ್ ಮಾಡಿ, ಕತ್ತು ಹೊರಗ್ ಹಾಕಿ, ಚಳ್ಳಕೆರೆ ಸ್ಟ್ಯಾಂಡಿನಾಗೆ ದಿನಾ ಕೂಗಂಗೆ ಕೂಗಿದೆ... 'ತಳಕು, ಕೊಂಡ್ಲಹಳ್ಳಿ, ಮೊಳಕಾಲ್ಮೂರೂ... ಬರ್ರಿ ಬರ್ರಿ, ಸೀಟ್ ಐತೆ!' ಎಲ್ರೂ ನಕ್ರು. 'ಇಲ್ಯಾರಯ್ಯ ಬರ್ತಾರೆ ನಿನ್ ಗಾಡಿಗೆ' ಅಂದ್ರು ಕೊಟ್ಟೂರಪ್ಪನೋರು. ಅಷ್ಟ್ರಾಗೆ ಗಾಡಿ ಹಿಂದ್ಗಡೆ ಒಂಚೂರು ಕುಸಿದಂಗಾತು... ಜನ ಹತ್ತಿದಾಗ ಆಗ್ತೈತಲ್ಲ, ಹಂಗೆ. ಗುಂಡಿಗೆ ಇಳಿದಿರ್ಬೇಕು ಅನ್ಕಂಡೆ.

ಒಂದರ್ಧ ಗಂಟೆ ಹೋಗಿರ್ಬೇಕು, ನನ್ ಭುಜದ ಮ್ಯಾಲೆ ಯಾರೋ ಎರಡ್ ಸಲ ಮೆಲ್ಲಗೆ ತಟ್ಟಿದ್ರು. ಕಾಲು ತಾನಾಗೇ ಬ್ರೇಕ್ ತುಳಿದುಬಿಡ್ತು. ತಿರುಗಿ ನೋಡಿದ್ರೆ ಹಿಂದಿನೋರೆಲ್ಲ ಶಾಲು ಹೊದ್ದು ತೂಕಡಿಸ್ತಾ ಅವ್ರೆ. ಇಳಿದು ನಾಕ್ ಹೆಜ್ಜೆ ಮುಂದಕ್ಕೋದೆ... ರೋಡೇ ಇಲ್ಲ! ಕುಸಿದು ಹೊಳೆ ಪಾಲಾಗೈತೆ.

ಹಂಗೆ ತಟ್ಟೋರು ನಮ್ ಕಡೆ ಒಬ್ರೇ ಕಣ್ರಪ್ಪ. ಕೊಂಡ್ಲಹಳ್ಳಿ ಸೂರಮ್ಮ. ಸಂತೆ ಮುಗಿಸ್ಕಂಡು ನನ್ ಗಾಡ್ಯಾಗೇ ಬರೋಳು. 'ನಿಲ್ಸು' ಅಂತ ಕೂಗೋಕೆ ಆಯಮ್ಮಂಗೆ ನಾಚಿಕೆ. ಊರು ಬಂದ್ರೆ ಎರಡ್ ಸಲ ಭುಜ ತಟ್ಟೋಳು. ಯಾತ್ರೆ ಬಸ್ಸಿನಾಗೆ ನೇಪಾಳಕ್ಕೆ ಹೋಗಿ, ಬಸ್ಸು ಅದೇ ಹೊಳೆಗೆ ಬಿದ್ದು, ಆಯಮ್ಮ ಹೋಗಿ ಎಷ್ಟೋ ವರ್ಷ ಆಗಿತ್ತು. ಹೆಣಾನೂ ಸಿಕ್ಕಿರ್ಲಿಲ್ಲ. ಗಂಡ ಪಾತಣ್ಣ ಮಾತ್ರ 'ಕಣ್ಣಾರೆ ನೋಡಿಲ್ಲ, ಎಡೆ ಇಡಲ್ಲ, ಬಂದೇ ಬರ್ತಾಳೆ' ಅಂತ ಹಠ ಹಿಡಿದು ಬೀದಿ ನೋಡ್ತಾ ಕೂತಿದ್ದ.

ಭಯ ಆತಾ ಅಂತೀರಾ? ಇಲ್ಲ. ಅಳು ಬಂತು. ಗೊತ್ತಿಲ್ದ ದೇಶದಾಗೆ, ಗೊತ್ತಿಲ್ದ ಮಾತಿನೋರ ಮಧ್ಯೆ, ಊರಿನ ಹೆಸ್ರು ಒಂದ್ಸಲ ಕಿವಿಗೆ ಬೀಳಲಿ ಅಂತ ಅಷ್ಟು ವರ್ಷ ಕಾದಿದ್ಲೇನೋ! ನಾನು ತಮಾಷೆಗೆ ಕರೆದೆ, ಆಕೆ ನಿಜ ಅಂತ ಹತ್ತಿದ್ಲು. ಕರೆದು ಹತ್ತಿಸ್ಕಂಡ ಮ್ಯಾಲೆ ನಡುದಾರ್ಯಾಗೆ ಇಳಿಸೋ ಡ್ರೈವರ್ ಅಲ್ಲ ನಾನು. ಎಲ್ರಿಗೂ ವಿಷಯ ಹೇಳ್ದೆ, ಪಶುಪತಿನಾಥನಿಗೆ ಅಲ್ಲಿಂದ್ಲೇ ಕೈಮುಗಿದು ಗಾಡಿ ತಿರುಗಿಸಿದ್ವಿ. ನನ್ ಬೆನ್ನ ಹಿಂದಿನ ಸೀಟು ಖಾಲಿ ಮಾಡ್ಸಿ, 'ಕೂತ್ಕಳವ್ವ, ಊರು ಬರೋವರ್ಗೂ ಸುಮ್ನೆ ಮಲಿಕ್ಕ' ಅಂದೆ. ಕೊಟ್ಟೂರಪ್ಪನೋರ ಹೆಂಡ್ರು ಕಮಲಾಕ್ಷಮ್ಮನೋರು ದೊಡ್ಡ ಮನಸ್ಸಿನೋರು, ದಾರಿ ಉದ್ದಕ್ಕೂ ಊಟದ ಹೊತ್ತಿಗೆ ಆ ಸೀಟಿಗೂ ಒಂದು ಎಲೆ ಹಾಕಿದ್ರು.

ಕೊಂಡ್ಲಹಳ್ಳಿ ಹತ್ರ ಬರ್ತಿದ್ದಂಗೆ ಭುಜ ತಟ್ಟಿದ್ಲು. ಪಾತಣ್ಣನ ಬಾಗಿಲಿಗೇ ಗಾಡಿ ತಗಂಡೋದೆ. 'ಪಾತಣ್ಣ, ಕರ್ಕಂಡ್ ಬಂದೀನಿ' ಅಂದೆ. ನನ್ನ ನೋಡ್ದ, ಖಾಲಿ ಸೀಟು ನೋಡ್ದ. ಒಳಗೋಗಿ ಚೆಂಬಿನಾಗೆ ನೀರು ತಂದು, ಯಾತ್ರೆಯಿಂದ ಬಂದೋರ ಕಾಲಿಗೆ ಹುಯ್ಯಂಗೆ ಹೊಸಿಲ ಮುಂದೆ ಹುಯ್ದ. 'ಎಷ್ಟ್ ತಡ ಮಾಡ್ದೆ ಸೂರಿ' ಅಂದ. ಅಷ್ಟೇ... ಮಾರನೇ ದಿನ ಹೊಸ ಸೀರೆ ತಂದು, ಹೋಳಿಗೆ ಮಾಡ್ಸಿ, ತಾನೇ ಎಡೆ ಇಟ್ಟ. ಆಮ್ಯಾಲೆ ಬೀದಿ ನೋಡ್ತಾ ಕೂರೋದ್ನ ಬಿಟ್ಟ."

ಮಳೆ ಕಡಿಮೆಯಾಗಿತ್ತು. ಮುದ್ದಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ದೊಡ್ಡಪಾಲಯ್ಯನವರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದರು.

"ಏಳ್ರಿ, ಹೋಗಾನ. ಇನ್ನೊಂದ್ ಮಾತು... ಅವತ್ತು ಸೂರಮ್ಮ ಇಳಿದ್ಲು, ಗಾಡಿ ಹಿಂದ್ಗಡೆ ಮಾತ್ರ ಮ್ಯಾಲೇಳ್ಲಿಲ್ಲ. ಇವತ್ತಿಗೂ ಎದ್ದಿಲ್ಲ. ಹೊಳೆಗೆ ಬಿದ್ದ ಆ ಬಸ್ಸಿನಾಗೆ ನಮ್ ಸೀಮೆಯೋರು ಆಯಮ್ಮ ಒಬ್ಳೇನಾ ಇದ್ದಿದ್ದು? ನಾನು ಕೂಗಿದ್ದು ಒಂದೂರಿನ ಹೆಸ್ರಾ? ದಿನಾ ಒಂದೊಂದೂರಿನಾಗೂ ನಿಲ್ಸಿ ಕಾಯ್ತೀನಿ, ಇಳಿಯಲ್ಲ ಪಾಪ... ಕರೆಯೋರು ಬೇಕಲ್ಲ. ನಿಮ್ ಮನ್ಯಾಗೆ ಯಾರಾದ್ರೂ ಹಂಗೆ ಹೋಗಿ ವಾಪಸ್ ಬರದೆ ಉಳಿದಿದ್ರೆ, ನೀವು ಇಳಿಯುವಾಗ ಹೆಸ್ರು ಹಿಡಿದು ಕರ್ಕಂಡ್ ಹೋಗ್ರಪ್ಪ. ಒಳಗೆ ಕೂತವ್ರೆ."